ಎಷ್ಟು ತೆಗೆದರೆ ಸಾಕು?

ಕನ್ನಡಿಗರ ಮಾತಿನಲ್ಲಿ ಹೊಟ್ಟೆಗೆ ದೊರೆತಿರುವ ಸ್ಥಾನ ಬಹುಶಃ ಹೃದಯಕ್ಕೂ ದೊರೆತಿಲ್ಲ. ಜೀವನೋಪಾಯವೆಂದರೆ ಹೊಟ್ಟೆಪಾಡು, ಅಸೂಯೆಯೆಂದರೆ ಹೊಟ್ಟೆಕಿಚ್ಚು. ಮಗುವಿನ ಸಂಕಟವನ್ನು ಕಂಡ ತಾಯಿಗೆ ಉರಿಯುವುದು ಹೊಟ್ಟೆಯೇ. ಕಿರಿಯರ ತಪ್ಪನ್ನು ಹಿರಿಯರು ಕ್ಷಮಿಸುತ್ತಾರೆನ್ನುವುದಕ್ಕಿಂತ ಹೊಟ್ಟೆಗೆ ಹಾಕಿಕೊಳ್ಳುತ್ತಾರೆಂದು ಹೇಳುವುದೇ ವಾಡಿಕೆ. ಬೆನ್ನಿನ ಮೇಲೆ ಹೊಡೆದರೂ ಹೊಟ್ಟೆಯ ಮೇಲೆ ಹೊಡೆಯಬಾರದೆಂಬ ಮಾತಂತೂ ಬರಿಯ ಗಾದೆಯಲ್ಲ, ಮರ್ಯಾದಸ್ಥರ ಧರ್ಮಶಾಸ್ತ್ರ. ಹೀಗಿರುವಾಗ, ವೈದ್ಯನು ರೋಗಿಯ ಎದುರಿಗೆ ಕುಳಿತು, "ನಿಮ್ಮ ಜಠರದ ಬಹುಭಾಗವನ್ನು ತೆಗೆಯಬೇಕಾಗುತ್ತದೆ" ಎಂದು ಮೆಲ್ಲಗೆ ಹೇಳಿದಾಗ, ಆ ಮಾತು ಕೇಳಿದವನ ಮನಸ್ಸಿನಲ್ಲಿ ಎಂತಹ ತಲ್ಲಣವನ್ನು ಎಬ್ಬಿಸುತ್ತದೆಂಬುದನ್ನು ಯಾರೂ ಊಹಿಸಬಹುದು.

ಮೊದಲ ಗಾಬರಿ ಕಳೆದ ಮೇಲೆ ರೋಗಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಗಡ್ಡೆ ಹುಣಸೆಯ ಬೀಜದಷ್ಟಿದೆಯೆನ್ನುತ್ತೀರಿ, ಅಷ್ಟನ್ನು ಮಾತ್ರ ತೆಗೆದು ಉಳಿದುದನ್ನು ಬಿಡಲಾಗದೆ?" ಪ್ರಶ್ನೆ ಮುಗ್ಧವಾಗಿ ತೋರುತ್ತದೆ. ಆದರೆ ನೂರ ನಲವತ್ತು ವರ್ಷಗಳಿಂದ ಜಗತ್ತಿನ ಅತ್ಯಂತ ಕುಶಲ ಶಸ್ತ್ರವೈದ್ಯರು ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಯ ಮೇಲೆ. ವಿಚಿತ್ರವೆಂದರೆ ಇದಕ್ಕೆ ಉತ್ತರ ಜಠರದಲ್ಲಿ ಇಲ್ಲ. ಜಠರದ ಸುತ್ತಲೂ ಕೊಬ್ಬಿನಲ್ಲಿ ಹುದುಗಿಕೊಂಡು, ಬರಿಗಣ್ಣಿಗೆ ಕಂಡೂ ಕಾಣದಂತಿರುವ ಪುಟ್ಟ ಮಣಿಗಳಲ್ಲಿದೆ. ಅವುಗಳ ಹೆಸರು ದುಗ್ಧಗ್ರಂಥಿಗಳು.

ಜಠರವೆಂದರೆ ಅನ್ನ ತುಂಬುವ ಚೀಲವೆಂದಷ್ಟೇ ಭಾವಿಸುವವರು ಅದಕ್ಕೆ ಅನ್ಯಾಯ ಮಾಡುತ್ತಾರೆ. ಊಟಕ್ಕೆ ಕುಳಿತೊಡನೆ ಅದರ ಮೇಲ್ಭಾಗ ಸಡಿಲಗೊಂಡು, ಬರುವ ಅತಿಥಿಗೆ ಜಾಗ ಮಾಡಿಕೊಡುತ್ತದೆ. ಕೆಳಭಾಗ ಒರಳಿನಂತೆ ಅನ್ನವನ್ನು ಅರೆಯುತ್ತದೆ. ತುದಿಯಲ್ಲಿ ಬಲವಾದ ಮಾಂಸಖಂಡದ ಉಂಗುರವೊಂದಿದೆ. ಅದಕ್ಕೆ ಪೈಲೋರಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ದ್ವಾರಪಾಲಕ. ಹೆಸರಿಗೆ ತಕ್ಕ ಕೆಲಸವೇ ಅದರದು. ನುಣ್ಣಗೆ ಅರೆದುದನ್ನು ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಬಿಡುತ್ತದೆ, ಉಳಿದುದನ್ನು ಹಿಂದಕ್ಕೆ ತಳ್ಳುತ್ತದೆ, ಕರುಳಿನ ಪಿತ್ತರಸ ಮೇಲಕ್ಕೆ ನುಗ್ಗದಂತೆ ತಡೆಯುತ್ತದೆ. ಈ ದ್ವಾರಪಾಲಕನು ಹೊರಟುಹೋದರೆ ಉಂಡ ಅನ್ನ ಒಮ್ಮೆಲೇ ಕರುಳಿಗೆ ಧುಮುಕುತ್ತದೆ. ಆಗ ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ, ಕಣ್ಣು ಕತ್ತಲೆಗಟ್ಟುತ್ತದೆ. ಸಕ್ಕರೆ ಬೇಗನೆ ರಕ್ತಕ್ಕೆ ಸೇರಿ, ಅದಕ್ಕೆ ಪ್ರತಿಯಾಗಿ ಇನ್ಸುಲಿನ್ ಉಕ್ಕಿ ಬಂದು, ಒಂದೆರಡು ಗಂಟೆಗಳ ಮೇಲೆ ರಕ್ತದಲ್ಲಿ ಸಕ್ಕರೆ ತೀರ ಕಡಮೆಯಾಗುವುದೂ ಉಂಟು. ಜಠರ ಪೂರ್ಣವಾಗಿ ಹೋದವರಿಗೆ ಬಿ-೧೨ ಜೀವಸತ್ತ್ವವನ್ನು ಆಹಾರದಿಂದ ಹೀರಿಕೊಳ್ಳುವ ಶಕ್ತಿಯೂ ಹೋಗುವುದರಿಂದ, ಜೀವಮಾನವಿಡೀ ಅದನ್ನು ಹೊರಗಿನಿಂದ ಒದಗಿಸಬೇಕಾಗುತ್ತದೆ.

ಹಾಗೆಂದು ಜಠರವಿಲ್ಲದೆ ಬದುಕೇ ಇಲ್ಲವೆಂದು ತಿಳಿಯಬೇಕಾದುದಿಲ್ಲ. ೧೮೯೭ರಲ್ಲಿ ಜೂರಿಕ್ ನಗರದ ಕಾರ್ಲ್ ಶ್ಲಾಟರ್ ಎಂಬ ಶಸ್ತ್ರವೈದ್ಯನು ರೋಗಿಯೊಬ್ಬಳ ಇಡೀ ಜಠರವನ್ನು ತೆಗೆದನು. ಆಕೆ ಒಂದು ವರ್ಷಕ್ಕೂ ಮೇಲೆ ಬದುಕಿದಳು. ಜಪಾನಿನ ಬೇಸ್‌ಬಾಲ್ ಆಟದ ದಂತಕಥೆಯೆನಿಸಿದ, ೮೬೮ ಹೋಮ್‌ರನ್‌ಗಳನ್ನು ಬಾರಿಸಿದ ಸದಾಹರು ಓ ಅವರಿಗೆ ೨೦೦೬ರ ಜುಲೈ ತಿಂಗಳಲ್ಲಿ ಕ್ಯಾನ್ಸರಿನ ಕಾರಣ ಜಠರವನ್ನೆಲ್ಲ ತೆಗೆಯಬೇಕಾಯಿತು. ಆಗ ಅವರ ವಯಸ್ಸು ೬೬. ಮರುವರ್ಷ ಅವರು ಮತ್ತೆ ತಮ್ಮ ತಂಡದ ವ್ಯವಸ್ಥಾಪಕರಾಗಿ ಮೈದಾನಕ್ಕೆ ಬಂದರು. ಆದುದರಿಂದ ಬದುಕಬಹುದು, ದುಡಿಯಬಹುದು. ಆದರೆ ಮದುವೆಯ ಮನೆಯ ಪಂಕ್ತಿಯಲ್ಲಿ ಕುಳಿತು, ನಾಲ್ಕು ತುತ್ತಿಗೆ ಕೈ ಎತ್ತಿ, ಬಡಿಸುವವರ ಉಪಚಾರಕ್ಕೆ ಕೈ ಅಡ್ಡ ಹಿಡಿಯುವವನಿಗೆ, ಬದುಕುವುದು ಬೇರೆ, ಉಣ್ಣುವುದು ಬೇರೆ ಎಂಬುದು ದಿನವೂ ಅರಿವಿಗೆ ಬರುತ್ತದೆ. ದಿನಕ್ಕೆ ಆರು ಸಲ, ಅಂಗೈಯಷ್ಟು ಅನ್ನ. ಗಡಿಯಾರ ನೋಡಿ ಉಣ್ಣಬೇಕು, ನಾಲಗೆ ಕೇಳಿದಂತೆ ಅಲ್ಲ.

ಇನ್ನು ಆ ಮಣಿಗಳ ವಿಷಯ. ದೇಹದಲ್ಲಿ ರಕ್ತನಾಳಗಳಂತೆಯೇ ಇನ್ನೊಂದು ನಾಳಗಳ ಜಾಲವಿದೆ. ೧೬೨೨ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ, ಆಗತಾನೆ ಉಂಡಿದ್ದ ನಾಯಿಯೊಂದರ ಕರುಳಿನ ಪೊರೆಯಲ್ಲಿ ಹಾಲಿನ ಬಣ್ಣದ ಎಳೆಗಳನ್ನು ಕಂಡನು. ೧೬೫೩ರಲ್ಲಿ ಡೆನ್ಮಾರ್ಕಿನ ಥಾಮಸ್ ಬಾರ್ಥೋಲಿನ್ ಅವಕ್ಕೆ ತಿಳಿನೀರಿನ ನಾಳಗಳೆಂಬರ್ಥದ ಹೆಸರಿಟ್ಟನು. ಕನ್ನಡದ ದುಗ್ಧರಸವೆಂಬ ಮಾತು ಅಸೆಲ್ಲಿ ಕಂಡ ಹಾಲನ್ನೇ ನೆನಪಿಗೆ ತರುತ್ತದೆ. ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಸುಂಕದ ಕಟ್ಟೆಗಳಿದ್ದಂತೆ ಗ್ರಂಥಿಗಳಿವೆ. ದುಗ್ಧರಸ ಅವುಗಳ ಮೂಲಕ ಸೋಸಿಕೊಂಡೇ ಮುಂದೆ ಸಾಗಬೇಕು. ರೋಗಾಣುಗಳನ್ನು ತಡೆಯುವುದು ಅವುಗಳ ಕರ್ತವ್ಯ. ಜಠರದಲ್ಲಿ ಅರ್ಬುದ ಹುಟ್ಟಿ ಅದರ ಕಣವೊಂದು ಕಳಚಿಕೊಂಡು ಹೊರಟರೆ, ಅದು ಮೊದಲು ಸಿಕ್ಕಿಬೀಳುವುದೂ ಸಾಮಾನ್ಯವಾಗಿ ಇಲ್ಲಿಯೇ. ಆದರೆ ಸುಂಕದವರು ಎಷ್ಟೋ ವೇಳೆ ಕಳ್ಳನನ್ನು ಹಿಡಿಯುವುದಿಲ್ಲ, ಮನೆಯಲ್ಲಿಯೇ ಇಟ್ಟುಕೊಂಡು ಸಾಕುತ್ತಾರೆ. ಅಲ್ಲಿ ಬೆಳೆದ ಕಣಗಳು ಮುಂದಿನ ಕಟ್ಟೆಗೆ, ಅದರಿಂದಾಚೆಗೆ ಹಬ್ಬುತ್ತವೆ. ಹೊಟ್ಟೆಯ ಕ್ಯಾನ್ಸರ್ ಎಡಭುಜದ ಬಳಿ ಕೊರಳೆಲುಬಿನ ಮೇಲಿನ ಗ್ರಂಥಿಯಲ್ಲಿ ಗಂಟಾಗಿ ಕಾಣಿಸಿಕೊಳ್ಳಬಹುದೆಂಬುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ ೧೮೪೮ರಲ್ಲಿಯೇ ಗುರುತಿಸಿದನು. ಕನ್ನಡದಲ್ಲಿ ಈ ರೋಗಕ್ಕೆ ಏಡಿಗಂತಿ ಎಂಬ ಹೆಸರುಂಟು. ಏಡಿಯ ದೇಹಕ್ಕಿಂತ ಅದರ ಕಾಲುಗಳು ಎಲ್ಲಿಯವರೆಗೆ ಚಾಚಿವೆಯೆಂಬುದೇ ಇಲ್ಲಿ ಮುಖ್ಯ.

ಈ ಮಾತಿನ ಸತ್ಯ ಶಸ್ತ್ರವೈದ್ಯರಿಗೆ ಮನವರಿಕೆಯಾದದ್ದು ಕಷ್ಟದ ದಾರಿಯಲ್ಲಿ. ಜಠರದ ಕ್ಯಾನ್ಸರನ್ನು ಕತ್ತರಿಸಿ ತೆಗೆಯಲು ೧೮೭೯ರಲ್ಲಿ ಪ್ಯಾರಿಸಿನ ಪೆಆಂ, ೧೮೮೦ರಲ್ಲಿ ಪೋಲೆಂಡಿನ ರಿಡಿಗಿಯರ್ ಪ್ರಯತ್ನಿಸಿದರು. ಇಬ್ಬರ ರೋಗಿಗಳೂ ಉಳಿಯಲಿಲ್ಲ. ೧೮೮೧ರ ಜನವರಿ ೨೯ರಂದು ವಿಯೆನ್ನಾ ನಗರದಲ್ಲಿ ಥಿಯೊಡೋರ್ ಬಿಲ್‌ರೋತ್ ೪೩ ವರ್ಷ ವಯಸ್ಸಿನ ಹೆಂಗಸೊಬ್ಬಳ ಜಠರದ ತುದಿಯನ್ನು ಕತ್ತರಿಸಿ, ಉಳಿದ ಭಾಗವನ್ನು ಕರುಳಿಗೆ ಹೊಲಿದನು. ಆಕೆ ಚೇತರಿಸಿಕೊಂಡಳು, ಉಂಡಳು, ಮನೆಗೆ ಹೋದಳು. ಯೂರೋಪೇ ಬೆರಗಾಯಿತು. ಆದರೆ ನಾಲ್ಕು ತಿಂಗಳು ಕಳೆಯುವುದರೊಳಗಾಗಿ ಆಕೆ ತೀರಿಕೊಂಡಳು. ಹೊಲಿಗೆ ಚೆನ್ನಾಗಿಯೇ ಕೂಡಿಕೊಂಡಿತ್ತು. ಆದರೆ ಹೊಟ್ಟೆಯೊಳಗೆಲ್ಲ ಅರ್ಬುದ ಮತ್ತೆ ಹಬ್ಬಿತ್ತು. ಚಾಕು ಗೆದ್ದಿತ್ತು, ಏಡಿ ಸೋತಿರಲಿಲ್ಲ.

ಅಂದಿನಿಂದ ಮುಂದಿನ ನೂರು ವರ್ಷಗಳ ಇತಿಹಾಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಇನ್ನೂ ಹೆಚ್ಚು ತೆಗೆಯಬೇಕೆಂಬ ಹಂಬಲದ ಇತಿಹಾಸವೆನ್ನಬಹುದು. ಈ ಹಂಬಲಕ್ಕೆ ಶಾಸ್ತ್ರದ ಶಿಸ್ತನ್ನು ತಂದುಕೊಟ್ಟವರು ಜಪಾನೀಯರು. ಅಲ್ಲಿ ಜಠರದ ಕ್ಯಾನ್ಸರ್ ಮನೆಮನೆಯ ದುಃಖವಾಗಿತ್ತು. ೧೯೫೨ರಲ್ಲಿ ತೆರೆಗೆ ಬಂದ ಅಕಿರಾ ಕುರೊಸಾವಾ ಅವರ 'ಇಕಿರು' ಚಿತ್ರ ಆರಂಭವಾಗುವುದೇ ಒಬ್ಬ ಸರ್ಕಾರಿ ನೌಕರನ ಜಠರದ ಎಕ್ಸ್-ರೇ ನೆರಳಿನಿಂದ. ರೋಗ ಇನ್ನೂ ಅವನಿಗೇ ಗೊತ್ತಿಲ್ಲ. ವೈದ್ಯರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಂದಿನ ಪ್ರೇಕ್ಷಕರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿರಲಿಲ್ಲ. ೧೯೬೨ರಲ್ಲಿ ಜಪಾನಿನ ವೈದ್ಯರು ಈ ರೋಗಕ್ಕಾಗಿಯೇ ಒಂದು ಸಂಶೋಧನ ಸಂಘವನ್ನು ಸ್ಥಾಪಿಸಿ, ಜಠರದ ಸುತ್ತಲಿನ ಗ್ರಂಥಿಗಳ ಗುಂಪುಗಳಿಗೆ ಬೀದಿಯ ಮನೆಗಳಿಗೆ ಕೊಡುವಂತೆ ಅಂಕೆಗಳನ್ನು ಕೊಟ್ಟರು. ಅನ್ನನಾಳ ಜಠರಕ್ಕೆ ಸೇರುವೆಡೆಯಲ್ಲಿ ೧ ಮತ್ತು ೨. ಕಿರುಬಾಗಿನ ಉದ್ದಕ್ಕೂ ೩, ಹಿರಿಬಾಗಿನ ಉದ್ದಕ್ಕೂ ೪. ದ್ವಾರಪಾಲಕನ ಮೇಲೆ ೫, ಕೆಳಗೆ ೬. ಜಠರಕ್ಕೆ ರಕ್ತ ತರುವ ದೊಡ್ಡ ಧಮನಿಗಳ ಬುಡದಲ್ಲಿ ೭, ೮, ೯. ಗುಲ್ಮದ ಬಾಗಿಲಲ್ಲಿ ೧೦. ಬೆನ್ನೆಲುಬಿನ ಮುಂದಿನ ಮಹಾಧಮನಿಯ ಪಕ್ಕದಲ್ಲಿ ೧೬. ಹತ್ತಿರದ ಮನೆಗಳನ್ನಷ್ಟೇ ಖಾಲಿ ಮಾಡುವುದು ಒಂದನೆಯ ಬಗೆ. ಧಮನಿಗಳ ಬುಡದವರೆಗೂ ಹೋಗುವುದು ಎರಡನೆಯ ಬಗೆ.

ಎರಡನೆಯ ಬಗೆ ಮೇಲೋ ಎಂಬುದನ್ನು ತಿಳಿಯಲು ಹಾಲೆಂಡಿನಲ್ಲಿ ೧೯೮೯ರಿಂದ ೧೯೯೩ರವರೆಗೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಕೈಚಳಕವನ್ನು ಕಲಿಸಿಕೊಡಲು ಜಪಾನಿನಿಂದ ಮಿತ್ಸುರು ಸಸಾಕೋ ಎಂಬ ಶಸ್ತ್ರವೈದ್ಯರೇ ಅಲ್ಲಿಗೆ ಹೋಗಿದ್ದರು. ಗುಣವಾಗುವ ಆಸೆಯಿಂದ ಶಸ್ತ್ರಕ್ರಿಯೆಗೊಳಗಾದ ೭೧೧ ರೋಗಿಗಳಲ್ಲಿ, ಕಡಮೆ ಗ್ರಂಥಿಗಳನ್ನು ತೆಗೆಸಿಕೊಂಡವರ ಪೈಕಿ ನೂರಕ್ಕೆ ನಾಲ್ವರು ಆಸ್ಪತ್ರೆಯಲ್ಲಿ ತೀರಿಕೊಂಡರೆ, ಹೆಚ್ಚು ತೆಗೆಸಿಕೊಂಡವರ ಪೈಕಿ ಹತ್ತು ಮಂದಿ ತೀರಿಕೊಂಡರು. ಗ್ರಂಥಿಗಳ ಜೊತೆಗೆ ಅನೇಕರ ಗುಲ್ಮವನ್ನೂ ಮೇದೋಜೀರಕದ ಬಾಲವನ್ನೂ ತೆಗೆದದ್ದು ಈ ಅನಾಹುತಕ್ಕೆ ಮುಖ್ಯ ಕಾರಣವೆಂದು ಆಮೇಲೆ ತಿಳಿಯಿತು. ಆದರೆ ಹದಿನೈದು ವರ್ಷ ಕಾದು ನೋಡಿದಾಗ ಲೆಕ್ಕ ತಿರುಗಿತು. ೨೦೧೦ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜಠರದ ಕ್ಯಾನ್ಸರಿನಿಂದಲೇ ಸತ್ತವರು ಮೊದಲ ಗುಂಪಿನಲ್ಲಿ ನೂರಕ್ಕೆ ೪೮, ಎರಡನೆಯದರಲ್ಲಿ ೩೭. ಗ್ರಂಥಿಗಳನ್ನು ತೆಗೆಯುವುದರಲ್ಲಿ ಲಾಭವಿತ್ತು. ಅದರ ನೆಪದಲ್ಲಿ ನೆರೆಯ ಅಂಗಗಳನ್ನು ಬಲಿಗೊಡುವುದರಲ್ಲಿ ನಷ್ಟವಿತ್ತು.

ಹಾಗಾದರೆ ಮೂರನೆಯ ಹೆಜ್ಜೆ ಇಟ್ಟು ಮಹಾಧಮನಿಯ ಪಕ್ಕದ ಗ್ರಂಥಿಗಳನ್ನೂ ತೆಗೆದರೆ? ಜಪಾನೀಯರೇ ೫೨೩ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ ೨೦೦೮ರಲ್ಲಿ ಫಲವನ್ನು ಮುಂದಿಟ್ಟರು. ಐದು ವರ್ಷ ಬದುಕಿದವರು ಒಂದು ಗುಂಪಿನಲ್ಲಿ ನೂರಕ್ಕೆ ೬೯.೨, ಇನ್ನೊಂದರಲ್ಲಿ ೭೦.೩. ಅಷ್ಟು ಶ್ರಮಕ್ಕೆ ಪ್ರತಿಫಲವೇ ಇಲ್ಲ. ೨೦೧೭ರಲ್ಲಿ ಪ್ರಕಟವಾದ ಇನ್ನೊಂದು ಜಪಾನೀ ಪರೀಕ್ಷೆ, ಜಠರದ ಮೇಲ್ಭಾಗದ ಕ್ಯಾನ್ಸರ್ ಹಿರಿಬಾಗನ್ನು ಮುಟ್ಟದಿದ್ದರೆ ಗುಲ್ಮವನ್ನು ತೆಗೆಯುವುದರಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಹೆಚ್ಚು ತೆಗೆದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಎಲ್ಲೆಯೊಂದು ಗೋಚರಿಸಿತು. ಆ ಎಲ್ಲೆಯನ್ನು ಕಂಡುಹಿಡಿದವರು ಅತ್ಯಂತ ಹೆಚ್ಚು ತೆಗೆಯಬಲ್ಲವರೇ ಎಂಬುದು ಗಮನಿಸತಕ್ಕ ಸಂಗತಿ.

ಇಷ್ಟರಲ್ಲಿ ರೋಗದ ರೂಪವೇ ಬದಲಾಗತೊಡಗಿತ್ತು. ೧೯೫೦ರಲ್ಲಿ ಜಪಾನಿನ ತತ್ಸುರೋ ಉಜಿ ಎಂಬ ವೈದ್ಯರು ಕ್ಯಾಮರಾ ತಯಾರಕರೊಡನೆ ಸೇರಿ, ನುಂಗಬಹುದಾದ ಪುಟ್ಟ ಕ್ಯಾಮರಾವನ್ನು ಸಿದ್ಧಪಡಿಸಿದ್ದರು. ಜಠರದ ಒಳಗೋಡೆಯ ಮೇಲೆ ಮಚ್ಚೆಯಂತಿರುವ ಅರ್ಬುದವನ್ನೂ ಕಾಣುವ ಕಾಲ ಬಂದಿತು. ೧೯೬೨ರಲ್ಲಿ ಅಲ್ಲಿನ ವೈದ್ಯರು, ಜಠರದ ಭಿತ್ತಿಯ ಮೇಲಿನ ಎರಡು ಪದರಗಳನ್ನು ದಾಟದ ರೋಗವನ್ನು 'ಆರಂಭದ ಕ್ಯಾನ್ಸರ್' ಎಂದು ಹೆಸರಿಸಿದರು. ಇಂತಹ ರೋಗದಲ್ಲಿ ಗ್ರಂಥಿಗಳ ಲೆಕ್ಕವೇ ಬೇರೆ. ಟೋಕಿಯೋ ನಗರದ ಎರಡು ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯಾದ ೫೨೬೫ ಮಂದಿಯ ಅಧ್ಯಯನ ೨೦೦೦ದಲ್ಲಿ ಹೊರಬಂದಿತು. ಮೊದಲ ಪದರದಲ್ಲಿಯೇ ನಿಂತ ರೋಗ ಗ್ರಂಥಿಗೆ ಹರಡಿದ್ದು ನೂರಕ್ಕೆ ಎರಡು ಮೂರು ಮಂದಿಯಲ್ಲಿ; ಎರಡನೆಯ ಪದರಕ್ಕೆ ಇಳಿದದ್ದು ಹರಡಿದ್ದು ಸುಮಾರು ಹದಿನೆಂಟು ಮಂದಿಯಲ್ಲಿ. ಮೊದಲ ಪದರದಲ್ಲಿಯೇ ನಿಂತು, ಮೂರು ಸೆಂಟಿಮೀಟರು ಮೀರದೆ, ಸೌಮ್ಯ ಸ್ವಭಾವದ ಕಣಗಳಿಂದ ಕೂಡಿ, ನಾಳಗಳನ್ನು ಹೊಕ್ಕಿರದ ೧೨೩೦ ಗಡ್ಡೆಗಳಲ್ಲಿ ಒಂದಾದರೂ ಗ್ರಂಥಿಗೆ ಹರಡಿರಲಿಲ್ಲ. ಇಂತಹವರಿಗೆ ಹೊಟ್ಟೆಯನ್ನು ಕೊಯ್ಯುವ ಅಗತ್ಯವೇ ಇಲ್ಲ. ಬಾಯಿಯ ಮೂಲಕ ನಳಿಕೆಯನ್ನು ಇಳಿಸಿ ಆ ಮಚ್ಚೆಯನ್ನಷ್ಟೇ ಸುಲಿದು ತೆಗೆಯುವ ವಿದ್ಯೆಯನ್ನು ಜಪಾನೀಯರು ತೊಂಬತ್ತರ ದಶಕದಿಂದೀಚೆಗೆ ಪಳಗಿಸಿಕೊಂಡರು.

ಕಷ್ಟವಿರುವುದು ನಡುವಿನವರ ವಿಷಯದಲ್ಲಿ. ಎರಡನೆಯ ಪದರಕ್ಕೆ ರೋಗ ಇಳಿದ ನೂರು ಮಂದಿಯನ್ನು ಸಾಲಾಗಿ ನಿಲ್ಲಿಸಿಕೊಳ್ಳಿರಿ. ಅವರಲ್ಲಿ ಹದಿನೆಂಟು ಮಂದಿಯ ಗ್ರಂಥಿಗಳಲ್ಲಿ ಕಳ್ಳ ಅಡಗಿದ್ದಾನೆ. ಎಂಬತ್ತೆರಡು ಮಂದಿಯ ಗ್ರಂಥಿಗಳು ನಿರ್ದೋಷಿಗಳು. ಯಾರು ಯಾರೆಂಬುದು ಹೊರಗಿನಿಂದ ತಿಳಿಯದು. ಆದುದರಿಂದ ನೂರು ಮಂದಿಯ ಗ್ರಂಥಿಗಳನ್ನೂ ತೆಗೆಯುವುದೇ ನಿಯಮವಾಯಿತು. ಗ್ರಂಥಿಗಳಷ್ಟನ್ನೇ ತೆಗೆದು ಜಠರವನ್ನು ಬಿಡಬಹುದಲ್ಲ ಎಂದರೆ, ಈ ಶಸ್ತ್ರಕ್ರಿಯೆಯ ಗಂಟಿರುವುದೇ ಅಲ್ಲಿ. ದುಗ್ಧನಾಳಗಳು ರಕ್ತನಾಳಗಳನ್ನು ಬಳ್ಳಿಯಂತೆ ಹಬ್ಬಿಕೊಂಡು ಸಾಗುತ್ತವೆ. ಗ್ರಂಥಿಗಳನ್ನು ನಿಶ್ಶೇಷವಾಗಿ ತೆಗೆಯುವುದೆಂದರೆ ಧಮನಿಯನ್ನು ಬುಡದಲ್ಲಿಯೇ ಕಟ್ಟಿ ಕತ್ತರಿಸುವುದು. ಧಮನಿ ಹೋದರೆ ಅದನ್ನು ನಂಬಿದ ಜಠರದ ಭಾಗ ಬದುಕಲಾರದು. ಅಂದಮೇಲೆ ಹುಣಸೆಯ ಬೀಜದಷ್ಟು ಗಡ್ಡೆಗಾಗಿ ಜಠರದ ಮೂರರಲ್ಲಿ ಎರಡು ಪಾಲು ಹೋಗುವುದು ಗಡ್ಡೆಯ ತಪ್ಪಿನಿಂದಲ್ಲ; ಗ್ರಂಥಿಗಳ ಮೇಲಿನ ಸಂದೇಹದಿಂದ. ರೋಗಿಯ ಮುಗ್ಧ ಪ್ರಶ್ನೆಗೆ ನಿಜವಾದ ಉತ್ತರ ಇದೇ.

ಈ ಗಂಟನ್ನು ಬಿಡಿಸಲು ಎರಡು ದಾರಿಗಳು ತೋರಿದವು. ಮೊದಲನೆಯದು ಚೌಕಾಶಿಯ ದಾರಿ. ೧೯೬೭ರಲ್ಲಿ ಜಪಾನಿನ ತೆತ್ಸುವೋ ಮಾಕಿ, ಜಠರದ ಹುಣ್ಣಿಗಾಗಿ ದ್ವಾರಪಾಲಕನನ್ನು ಉಳಿಸಿಕೊಳ್ಳುವ ಶಸ್ತ್ರಕ್ರಿಯೆಯೊಂದನ್ನು ವರ್ಣಿಸಿದ್ದರು. ಅದನ್ನು ಮುಂದಿನವರು ಜಠರದ ನಡುಭಾಗದ ಆರಂಭದ ಕ್ಯಾನ್ಸರಿಗೆ ಅಳವಡಿಸಿದರು. ಗಡ್ಡೆಯ ಅಂಚು ದ್ವಾರದಿಂದ ನಾಲ್ಕು ಸೆಂಟಿಮೀಟರಾದರೂ ದೂರವಿದ್ದರೆ, ನಡುಭಾಗವನ್ನು ತೆಗೆದು ಮೇಲಿನ ತುಂಡನ್ನೂ ಕೆಳಗಿನ ತುಂಡನ್ನೂ ಕೂಡಿಸುತ್ತಾರೆ. ದ್ವಾರಪಾಲಕನು ಬದುಕಿದ್ದರೆ ಸಾಲದು, ಕೆಲಸ ಮಾಡಬೇಕು. ಅದಕ್ಕೆ ಅವನ ನರವನ್ನೂ ಕಿರುಧಮನಿಯನ್ನೂ ಉಳಿಸಬೇಕು. ಅವನ್ನು ಉಳಿಸಬೇಕಾದರೆ ದ್ವಾರದ ಮೇಲಿರುವ ಐದನೆಯ ಅಂಕೆಯ ಗ್ರಂಥಿಗಳನ್ನು ಮುಟ್ಟದೆ ಬಿಡಬೇಕು. ನಡುಭಾಗದ ಆರಂಭದ ರೋಗ ಆ ಗ್ರಂಥಿಗಳಿಗೆ ಹರಡುವುದು ಬಹು ವಿರಳವೆಂದು ಹಳೆಯ ಕಡತಗಳು ಹೇಳಿದ್ದರಿಂದಲೇ ಈ ಧೈರ್ಯ. ಆದರೆ ದ್ವಾರದ ಕೆಳಗಿನ ಆರನೆಯ ಅಂಕೆಯವನ್ನು ಬಿಡುವಂತಿಲ್ಲ. ಎಳೆಯಷ್ಟು ಧಮನಿಯನ್ನು ಉಳಿಸುತ್ತ, ಅದರ ಮೈಗಂಟಿದ ಗ್ರಂಥಿಗಳನ್ನು ಬಿಡಿಸಿ ತೆಗೆಯಬೇಕು. ಕೊರಿಯಾ ದೇಶದಲ್ಲಿ ೨೫೬ ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ, ಹೀಗೆ ಮಾಡಿಸಿಕೊಂಡವರಲ್ಲಿ ಪಿತ್ತಕೋಶದ ಕಲ್ಲು ಕಡಮೆಯಾಗಿ ಕಂಡಿತು. ಆದರೆ ಉಂಡೊಡನೆ ಬರುವ ಆ ಬೆವರು ಮತ್ತು ಎದೆಬಡಿತದಲ್ಲಿ ನಿರೀಕ್ಷಿಸಿದಷ್ಟು ವ್ಯತ್ಯಾಸ ಕಾಣಲಿಲ್ಲ. ಉಳಿಸಿದ್ದೆಲ್ಲ ಉಪಕಾರಕ್ಕೆ ಬರುತ್ತದೆಂಬ ಭರವಸೆಯಿಲ್ಲ.

ಎರಡನೆಯದು ವಿಚಾರಣೆಯ ದಾರಿ. ಗಡ್ಡೆಯಿಂದ ಹೊರಟ ದುಗ್ಧರಸ ಮೊದಲು ತಲುಪುವ ಗ್ರಂಥಿ ಯಾವುದೆಂದು ಪತ್ತೆ ಹಚ್ಚಿ, ಅದನ್ನು ಮಾತ್ರ ತೆಗೆದು ಪರೀಕ್ಷಿಸುವುದು. ಅದರಲ್ಲಿ ರೋಗವಿಲ್ಲದಿದ್ದರೆ ಮುಂದಿನವುಗಳಲ್ಲಿಯೂ ಇರಲಾರದೆಂಬ ತರ್ಕ. ಅದಕ್ಕೆ ಕಾವಲು ಗ್ರಂಥಿಯೆಂದು ಹೆಸರು. ಚರ್ಮದ ಮತ್ತು ಸ್ತನದ ಕ್ಯಾನ್ಸರುಗಳಲ್ಲಿ ಈ ಉಪಾಯ ತೊಂಬತ್ತರ ದಶಕದಲ್ಲಿ ನೆಲೆಗೊಂಡಿತ್ತು. ಆದರೆ ಜಠರದ ಸುತ್ತಲಿನ ದಾರಿಗಳು ಕಂಕುಳಿನ ದಾರಿಗಳಂತೆ ಸರಳವಲ್ಲ. ಹಲವು ಕಡೆಗೆ ಕವಲೊಡೆಯುತ್ತವೆ. ಜಪಾನಿನಲ್ಲಿ ಒಂದು ಬಣ್ಣವನ್ನಷ್ಟೇ ಬಳಸಿ, ಗ್ರಂಥಿಯನ್ನು ಒಂದೇ ಸೀಳಾಗಿ ಕತ್ತರಿಸಿ ನೋಡಿದ ಪರೀಕ್ಷೆಯೊಂದು ಎಚ್ಚರಿಕೆಯ ಗಂಟೆಯನ್ನು ಬಾರಿಸಿತು. ರೋಗ ಹರಡಿದ್ದ ೨೮ ಮಂದಿಯಲ್ಲಿ ೧೩ ಮಂದಿಯ ರೋಗ ಕಣ್ತಪ್ಪಿಸಿಕೊಂಡಿತ್ತು. ಪರೀಕ್ಷೆಯನ್ನು ಅಷ್ಟಕ್ಕೇ ನಿಲ್ಲಿಸಿದರು. ಇನ್ನೊಂದು ತಂಡ, ಕೇಯೋ ವಿಶ್ವವಿದ್ಯಾಲಯದ ಯೂಕೋ ಕಿತಾಗಾವಾ ಅವರ ಮುಂದಾಳುತನದಲ್ಲಿ, ಬಣ್ಣದ ಜೊತೆಗೆ ವಿಕಿರಣ ಸೂಸುವ ದ್ರವವನ್ನೂ ಬಳಸಿತು. ೩೯೭ ಮಂದಿಯಲ್ಲಿ ೩೮೭ ಮಂದಿಯ ಕಾವಲು ಗ್ರಂಥಿ ಪತ್ತೆಯಾಯಿತು. ರೋಗ ಹರಡಿದ್ದ ೫೭ ಮಂದಿಯಲ್ಲಿ ೫೩ ಮಂದಿಯ ಗುಟ್ಟು ಬಯಲಾಯಿತು. ೨೦೧೩ರಲ್ಲಿ ಪ್ರಕಟವಾದ ಈ ಫಲ ಎಲ್ಲರಲ್ಲೂ ಆಸೆ ಹುಟ್ಟಿಸಿತು. ಒಂದು ಗ್ರಂಥಿಯನ್ನಷ್ಟೇ ಕೀಳದೆ, ಅದಿರುವ ಇಡೀ ಹರಿವಿನ ಪ್ರದೇಶವನ್ನು, ಹೊಳೆಯ ಒಂದು ಉಪನದಿಯ ಬಯಲಿನಂತೆ, ಒಟ್ಟಾಗಿ ತೆಗೆಯುವುದು ಕ್ಷೇಮವೆಂಬ ತಿಳಿವಳಿಕೆಯೂ ಬೆಳೆಯಿತು.

ಕೊನೆಗೆ ಕೊರಿಯಾದ ಏಳು ಆಸ್ಪತ್ರೆಗಳು ಸೇರಿ ಇದನ್ನು ನ್ಯಾಯಾಸನದ ಮುಂದೆ ತಂದವು. ಮೂರು ಸೆಂಟಿಮೀಟರು ಮೀರದ ಆರಂಭದ ಕ್ಯಾನ್ಸರಿನ ೫೮೦ ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೂಢಿಯ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಕಾವಲು ಗ್ರಂಥಿಗಳ ವಿಚಾರಣೆ. ಅವು ನಿರ್ದೋಷಿಗಳಾದರೆ ಗಡ್ಡೆಯಿದ್ದಷ್ಟು ಭಾಗವನ್ನು ಮಾತ್ರ ತೆಗೆದು ಜಠರವನ್ನು ಉಳಿಸುವುದು, ದೋಷಿಗಳಾದರೆ ರೂಢಿಯಂತೆಯೇ ನಡೆಯುವುದು. ೨೦೨೨ರಲ್ಲಿ ತೀರ್ಪು ಬಂದಿತು. ಮೂರು ವರ್ಷ ರೋಗ ಮರುಕಳಿಸದೆ ಇದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ ೯೫.೫, ಎರಡನೆಯದರಲ್ಲಿ ೯೧.೮. ಮೊದಲೇ ಗೊತ್ತುಮಾಡಿಕೊಂಡಿದ್ದ ಅಳತೆಯ ಪ್ರಕಾರ, ಹೊಸ ದಾರಿ ಹಳೆಯದಕ್ಕೆ ಸಮವೆಂದು ಸಾಧಿಸಿದಂತಾಗಲಿಲ್ಲ. ಆದರೆ ಬದುಕಿ ಉಳಿದವರ ಸಂಖ್ಯೆಯಲ್ಲಿ ಗಣನೀಯ ಅಂತರವಿರಲಿಲ್ಲ. ಉಳಿಸಿದ ಜಠರದಲ್ಲಿ ಹೊಸದಾಗಿ ಚಿಗುರಿದ ರೋಗವನ್ನು ಬೇಗನೆ ಕಂಡು ಮತ್ತೆ ಚಿಕಿತ್ಸೆ ಮಾಡಲು ಸಾಧ್ಯವಾದದ್ದು ಇದಕ್ಕೆ ಒಂದು ಕಾರಣ. ಜಠರ ಉಳಿದವರು ಚೆನ್ನಾಗಿ ಉಂಡರು, ಅವರ ಮೈತೂಕ ಅಷ್ಟಾಗಿ ಇಳಿಯಲಿಲ್ಲ, ದಿನಚರಿ ನೆಮ್ಮದಿಯಿಂದ ಸಾಗಿತು.

ಈ ಎರಡು ಸಂಖ್ಯೆಗಳನ್ನು ಎದುರಿಗಿಟ್ಟುಕೊಂಡು ಕುಳಿತ ಮನೆಯೊಂದನ್ನು ಕಲ್ಪಿಸಿಕೊಳ್ಳಿರಿ. ಮಗ ಲೆಕ್ಕ ಬಲ್ಲವನು. "ನೂರಕ್ಕೆ ನಾಲ್ಕು ಮಂದಿಯ ಅಂತರ, ಅದನ್ನು ಏಕೆ ಮೈಮೇಲೆ ಎಳೆದುಕೊಳ್ಳಬೇಕು? ತೆಗೆಸಿಬಿಡುವುದೇ ಸರಿ" ಎನ್ನುತ್ತಾನೆ. ತಂದೆಗೆ ಅರುವತ್ತೆಂಟು. "ಇನ್ನುಳಿದ ವರ್ಷಗಳನ್ನು ಅಳತೆಯ ಅನ್ನದಲ್ಲಿ ಕಳೆಯುವುದಕ್ಕಿಂತ, ವರ್ಷಕ್ಕೊಮ್ಮೆ ನಳಿಕೆ ನುಂಗಿ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ" ಎನ್ನುತ್ತಾರೆ. ತಾಯಿ ಇಬ್ಬರ ಮುಖವನ್ನೂ ನೋಡುತ್ತ ಸುಮ್ಮನಿರುತ್ತಾಳೆ. ಅಡಿಗೆಮನೆಯಲ್ಲಿ ದಿನಕ್ಕೆ ಆರು ಸಲ ಒಲೆ ಹಚ್ಚಬೇಕಾದವಳು ಆಕೆಯೇ. ಮರುಕಳಿಸಿದರೆ ರಾತ್ರಿ ಎಚ್ಚರವಿರಬೇಕಾದವಳೂ ಆಕೆಯೇ. ಇವರಲ್ಲಿ ಯಾರ ಮಾತು ತಪ್ಪು? ಶಸ್ತ್ರವೈದ್ಯನು ಅಂಕಿಗಳನ್ನು ಕೊಡಬಲ್ಲನು. ಒಂದು ತುತ್ತು ಅನ್ನಕ್ಕೂ ಒಂದು ಪಾಲು ಭಯಕ್ಕೂ ಇರುವ ವಿನಿಮಯದ ದರವನ್ನು ಕೊಡಲಾರನು. ಅದನ್ನು ನಿರ್ಧರಿಸುವ ಹಕ್ಕು ಆ ಹೊಟ್ಟೆಯ ಒಡೆಯನದು. ವೈದ್ಯನ ಧರ್ಮವೆಂದರೆ ಎರಡು ತಟ್ಟೆಗಳನ್ನೂ ತೋರಿಸುವುದು, ತನಗೆ ಅಭ್ಯಾಸವಾದ ಕೈಚಳಕವನ್ನೇ ರೋಗಿಯ ಹಿತವೆಂದು ಬಗೆಯದಿರುವುದು. ಉಳಿಸುವವನಿಗೆ ತೆಗೆಯುವವನಿಗಿಂತ ಹೆಚ್ಚು ತಿಳಿದಿರಬೇಕು. ಎಲ್ಲವನ್ನೂ ತೆಗೆಯುವವನು ಸಂದೇಹವನ್ನೂ ಅದರೊಡನೆ ತೆಗೆದುಹಾಕುತ್ತಾನೆ. ಉಳಿಸುವವನು ಸಂದೇಹದೊಡನೆ ಬಾಳುವ ಹೊಣೆಯನ್ನು ಹೊರುತ್ತಾನೆ, ರೋಗಿಯ ಮೇಲೂ ಹೊರಿಸುತ್ತಾನೆ.

ಇಂತಹ ಆಯ್ಕೆಯ ಭಾಗ್ಯ ಎಲ್ಲ ನಾಡುಗಳಲ್ಲಿಯೂ ಇಲ್ಲ. ಬೆಂಗಳೂರು, ಮದರಾಸುಗಳಲ್ಲಿ ಕ್ಯಾನ್ಸರ್ ರೋಗಿಗಳ ನೋಂದಣಿ ೧೯೮೨ರಲ್ಲಿ ಆರಂಭವಾಯಿತು. ಬೆಂಗಳೂರಿನ ಗಂಡಸರನ್ನು ಹೆಚ್ಚಾಗಿ ಕಾಡುವ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ್ದೂ ಒಂದೆಂಬುದು ಆ ಪುಸ್ತಕಗಳಿಂದ ತಿಳಿದುಬಂದಿತು. ಜಪಾನಿನಲ್ಲಿಯೂ ಕೊರಿಯಾದಲ್ಲಿಯೂ ವಯಸ್ಸಾದವರನ್ನು ರೋಗದ ಲಕ್ಷಣವಿರಲಿ ಬಿಡಲಿ ಕರೆದು ಪರೀಕ್ಷಿಸುವ ಏರ್ಪಾಡುಂಟು. ಭಾರತದಲ್ಲಿ ಈ ರೋಗಕ್ಕೆ ಅಂತಹ ಸಾರ್ವತ್ರಿಕ ಏರ್ಪಾಡಿಲ್ಲ. ಮನೆಯ ಯಜಮಾನನಿಗೆ ಊಟದ ಮೇಲೆ ಹೊಟ್ಟೆ ಭಾರವೆನಿಸಿದರೆ ಅದಕ್ಕೆ ವಾಯು ಎಂದು ಹೆಸರಾಗುತ್ತದೆ, ಪಿತ್ತವೆಂದು ಹೆಸರಾಗುತ್ತದೆ. ಜೀರಿಗೆಯ ಕಷಾಯ, ಸೋಡಾ, ಔಷಧದಂಗಡಿಯ ಮಾತ್ರೆಗಳ ಸರದಿ ಮುಗಿಯುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಹಸಿವು ಕುಂದಿ, ಮೈ ಇಳಿದು, ಮಲ ಕಪ್ಪಾದ ಮೇಲೆ ಆಸ್ಪತ್ರೆಗೆ ಬಂದವನ ಮುಂದೆ ದ್ವಾರಪಾಲಕನ ಮಾತಿಲ್ಲ, ಕಾವಲು ಗ್ರಂಥಿಯ ವಿಚಾರಣೆಯಿಲ್ಲ. ಅವನ ಗ್ರಂಥಿಗಳಲ್ಲಿ ಕಳ್ಳನಿದ್ದಾನೆಯೆ ಎಂಬ ಸಂದೇಹಕ್ಕೇ ಎಡೆಯಿಲ್ಲ. ಎಷ್ಟು ದೂರ ಹೋಗಿದ್ದಾನೆಂಬುದೊಂದೇ ಪ್ರಶ್ನೆ. ಅಂತಹವನಿಗೆ ಧಮನಿಗಳ ಬುಡದವರೆಗೆ ಗ್ರಂಥಿಗಳನ್ನು ತೆಗೆಯುವುದೇ ಹಿತ, ಅದಕ್ಕೆ ಮುಂಚೆಯೂ ಆಮೇಲೂ ಔಷಧಗಳ ನೆರವೂ ಬೇಕು. ಅಲ್ಲಿ ಮಿತವೆಂಬುದು ದಯೆಯಲ್ಲ.

ಜಠರದ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಾಣುವನ್ನು ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ೧೯೮೨ರಲ್ಲಿ ಬೆಳಕಿಗೆ ತಂದರು. ೨೦೦೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಒಂದೆರಡು ವಾರಗಳ ಔಷಧದಿಂದ ಅದನ್ನು ಹೊರದೂಡುವುದು ಸಾಮಾನ್ಯವಾಗಿ ಸಾಧ್ಯವಾಗುತ್ತದೆ. ಜಠರವನ್ನು ಉಳಿಸಿಕೊಂಡವರಿಗೆ ವೈದ್ಯರು ಮೊದಲು ಹೇಳುವ ಮಾತುಗಳಲ್ಲಿ ಇದೂ ಒಂದು. ಎರಡನೆಯದು, ತಪ್ಪದೆ ಕಾಲಕಾಲಕ್ಕೆ ಒಳಗಣ್ಣಿನ ಪರೀಕ್ಷೆ. ಬಿಲ್‌ರೋತ್‌ನ ರೋಗಿಗೆ ಈ ಎರಡೂ ಲಭ್ಯವಿರಲಿಲ್ಲ. ಆಕೆಯ ಕಾಲದಲ್ಲಿ ಎಷ್ಟು ತೆಗೆಯಬಹುದೆಂಬುದೇ ವೈದ್ಯನ ಸಾಹಸವಾಗಿತ್ತು. ಇಂದು ಎಷ್ಟು ಬಿಡಬಹುದೆಂಬುದನ್ನು ರೋಗಿಯೇ ಕೇಳುವ ಕಾಲ ಬಂದಿದೆ. ಆದರೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರ ಹೊಟ್ಟೆ ಮೊದಲ ಸಲ ಸೂಚನೆ ಕೊಟ್ಟಾಗಲೇ ಎಚ್ಚತ್ತು ಬಂದವನಿಗೆ ಮಾತ್ರ ದೊರೆಯುತ್ತದೆ.